ಹಳಿ ಊರೊಳಗಾ, ಊರಾಚೆಗಾ? ಅದಕ್ಕೂ ಮೊದಲು ಟೇಷನ್ ಎಲ್ಲಿ, ಗೇಟು ಎಷ್ಟು ಅಂತ ಕೇಳಿ

ಬೇಲೂರು ಕಡೆಯ ನಮ್ಮ ಭಾವ ಮೊನ್ನೆ ಫೋನು ಮಾಡಿದವರು ಕುಶಲ ವಿಚಾರಿಸುವ ಮೊದಲೇ, ‘ರೈಲು ಊರೊಳಗೆ ಬಂದರೆ ಒಳ್ಳೇದಾ, ಆಚೆ ಹೋದರೆ ಒಳ್ಳೇದಾ, ಒಂದೇ ಮಾತಲ್ಲಿ ಹೇಳು’ ಅಂದರು. ಚಿಕ್ಕಮಗಳೂರಿನಿಂದ ಬೇಲೂರಿನ ಮೇಲೆ ಹಾಸನಕ್ಕೆ ಹಳಿ ಜೋಡಿಸುವ ಮಾತಿದೆಯಲ್ಲ, ಅದರ ಚಿಂತೆ. ಅವರಿಗೆ ಹೊಲವೂ ಇದೆ, ಪೇಟೆಯಲ್ಲೊಂದು ಮಳಿಗೆಯೂ ಇದೆ. ಹಳಿ ಹೊಲಕ್ಕೆ ಬೀಳಬಾರದು, ಗಿರಾಕಿ ಮಾತ್ರ ಮಳಿಗೆಗೆ ಬರಬೇಕು. ಹೊಸ ಮಾರ್ಗದ ಸುದ್ದಿ ಎದ್ದ ಯಾವ ಊರಿಗೆ ಹೋದರೂ ಅರ್ಧಕ್ಕರ್ಧ ಜನ ಇದೇ ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡಿರುತ್ತಾರೆ.

ನಾನೇನು ಎಂಜಿನಿಯರ್ ಅಲ್ಲ. ಹಾಸನದಲ್ಲಿ ಹಳಿ ಪಕ್ಕದ ಬಡಾವಣೆಯೊಂದರಲ್ಲಿ 20 ವರ್ಷದಿಂದ ಇದ್ದೇನೆ, ಗೇಟಿನ ಮುಂದೆ ಬೈಕ್ ಆಫ್ ಮಾಡಿ ನಿಂತಷ್ಟು ಹೊತ್ತು ದೇವಸ್ಥಾನದಲ್ಲಿ ನಿಂತಿದ್ದರೆ ಪುಣ್ಯವಾದರೂ ಬರುತ್ತಿತ್ತು. ನಿಂತು ನಿಂತು, ಓದಿ ಕೇಳಿ, ಒಂದಿಷ್ಟು ಲೆಕ್ಕ ಗೊತ್ತಾಗಿದೆ. ಭಾವನಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ನಮ್ಮ ಎರಡು ಜಿಲ್ಲೆಯಲ್ಲೇ ಎರಡು ಮಾದರಿ ಕಣ್ಣೆದುರಿಗಿವೆ. ಹಾಸನಕ್ಕೆ ನಾಲ್ಕು ಕಡೆಯಿಂದ ಹಳಿ: ಅರಸೀಕೆರೆ, ಹೊಳೆನರಸೀಪುರದ ಮೇಲೆ ಮೈಸೂರು, ಸಕಲೇಶಪುರ ಇಳಿದು ಮಂಗಳೂರು, ಮತ್ತು 2017ರಲ್ಲಿ ಪೂರ್ತಿಯಾಗಿ ತೆರೆದ ಚನ್ನರಾಯಪಟ್ಟಣ–ಶ್ರವಣಬೆಳಗೊಳ–ಕುಣಿಗಲ್ ದಾರಿ. ಮಂಗಳೂರಿನ ಹಳಿ 1979ರಲ್ಲಿ ಮೀಟರ್ ಗೇಜ್ ಆಗಿ ಬಂದಾಗ ಹಾಸನ ಇಷ್ಟು ದೊಡ್ಡದಿರಲಿಲ್ಲ. ಊರು ಬೆಳೆಯುತ್ತಾ ಹಳಿಯನ್ನು ದಾಟಿಕೊಂಡು ಹೋಯಿತು, ಹಳಿ ಊರೊಳಗಿನದಾಯಿತು. ಚಿಕ್ಕಮಗಳೂರಿನದು ಬೇರೆ ಕಥೆ. ಅಲ್ಲಿಗೆ ರೈಲು ಬಂದದ್ದೇ 2013ರಲ್ಲಿ. ಕಡೂರಿನಿಂದ ಸಖರಾಯಪಟ್ಟಣದ ಮೇಲೆ 46 ಕಿ.ಮೀ. ಬಂದು, ಪೇಟೆಯ ಹೊರಗೆ ನಿಂತುಬಿಡುವ ಕವಲು ಹಳಿ.

ಊರೊಳಗಿನ ದಾರಿ

ಟೇಷನ್ನಿಗೆ ನಡೆದೇ ಹೋಗಬಹುದು. ರಾತ್ರಿ 2 ಗಂಟೆಗೆ ಇಳಿದ ಹೆಣ್ಣುಮಗಳಿಗೆ ಎದುರಿಗೇ ಬೀದಿ ದೀಪ, ಆಟೋ, ಟೀ ಅಂಗಡಿ ಇರುತ್ತವೆ. ಕಾಲೇಜಿನ ಹುಡುಗರು, ಆಸ್ಪತ್ರೆಗೆ ಬರುವವರು, ಸಂತೆ ಮುಗಿಸಿ ಹೊರಡುವವರು, ಎಲ್ಲರೂ ಪ್ಯಾಸೆಂಜರ್ ಗಾಡಿ ಹತ್ತುವುದು ಟೇಷನ್ ಹತ್ತಿರ ಇರುವುದರಿಂದಲೇ. ಈ ಲಾಭವನ್ನು ಹಣದಲ್ಲಿ ಬರೆಯಲು ಬರುವುದಿಲ್ಲ, ಅದಕ್ಕೇ ಯೋಜನಾ ವರದಿಗಳಲ್ಲಿ ಅದು ಯಾವಾಗಲೂ ಸೊರಗಿರುತ್ತದೆ.

ಇದಕ್ಕೆ ತೆರುವ ಬೆಲೆ ಗೇಟು. ಇಲ್ಲಿ ಒಂದು ವಿಷಯ ಹೇಳಲೇಬೇಕು, ಏಕೆಂದರೆ ಗೇಟಿನಲ್ಲಿ ನಿಂತ ಪ್ರತಿಯೊಬ್ಬರೂ ಗೇಟ್‌ಮನ್‌ಗೆ ಬೈಯುತ್ತಾರೆ. 58 ವ್ಯಾಗನ್ನಿನ ಗೂಡ್ಸ್ ಗಾಡಿ ಎಂಜಿನ್ ಸೇರಿ ಸುಮಾರು 650 ಮೀಟರ್ ಉದ್ದ. ಗಂಟೆಗೆ 30 ಕಿ.ಮೀ. ವೇಗದಲ್ಲಿ ಬಂದರೂ ಗೇಟು ದಾಟಲು ಅದಕ್ಕೆ 80 ಸೆಕೆಂಡು ಸಾಕು. ಆದರೂ ನಾವು 8 ನಿಮಿಷ ನಿಲ್ಲುತ್ತೇವೆ. ಯಾಕೆಂದರೆ ಗೇಟಿಗೂ ಸಿಗ್ನಲ್ಲಿಗೂ ಗಂಟು ಹಾಕಿರುತ್ತಾರೆ. ಗೇಟು ಮುಚ್ಚಿ ಬೀಗ ಬೀಳುವ ತನಕ ಸಿಗ್ನಲ್ ಹಸಿರಾಗುವುದಿಲ್ಲ. ಸಿಗ್ನಲ್ ಹಸಿರಾಗದೆ ದೂರದಲ್ಲಿರುವ ಗಾಡಿ ವೇಗವಾಗಿ ಬರುವುದಿಲ್ಲ. ಅಂದರೆ ಗಾಡಿ ಇನ್ನೂ ಕಣ್ಣಿಗೇ ಬೀಳದಿದ್ದಾಗ ಗೇಟು ಬೀಳಲೇಬೇಕು. ಟೇಷನ್ನಿಗೆ ಅಂಟಿಕೊಂಡ ಗೇಟಾದರೆ ಇನ್ನೂ ಕಷ್ಟ. ಅಲ್ಲಿ ಎದುರಿನ ಗಾಡಿಗೆ ದಾರಿ ಬಿಡಲು ನಿಂತ ಗಾಡಿ, ಹಿಂದೆ ಮುಂದೆ ಆಡುವ ಎಂಜಿನ್ನು, ಎಲ್ಲದಕ್ಕೂ ಗೇಟೇ ಬೀಳಬೇಕು.

ಸದ್ದೂ ಗೇಟಿನ ಮಗುವೇ. ಗೇಟಿಗೆ 600 ಮೀಟರ್ ಮುಂಚೆ ಹಳದಿ ಫಲಕವೊಂದು ಇರುತ್ತದೆ, ಅಲ್ಲಿಂದ ರೈಲು ಓಡಿಸುವ ಪೈಲಟ್ ಹಾರ್ನ್ ಹೊಡೆಯಬೇಕು. ಗೇಟು ತೆಗೆದು ಸೇತುವೆ ಮಾಡಿದ ಕಡೆ ಆ ಹಾರ್ನ್ ಬೇಕಾಗಿಯೇ ಇಲ್ಲ. ‘ರೈಲು ಬಂದರೆ ನಿದ್ದೆ ಹೋಗುತ್ತೆ’ ಅನ್ನುವವರ ದೂರಿನಲ್ಲಿ ಮುಕ್ಕಾಲು ಪಾಲು ಹಾರ್ನಿನದ್ದು, ಕಾಲು ಪಾಲು ಚಕ್ರದ್ದು.

ಹಾಗಾದರೆ ಓವರ್‌ಬ್ರಿಜ್ ಯಾವಾಗ ಸಿಗುತ್ತದೆ? ಇದಕ್ಕೊಂದು ಹಳೆಯ ಲೆಕ್ಕವಿದೆ. ದಿನಕ್ಕೆ ಎಷ್ಟು ರೈಲು, ಎಷ್ಟು ವಾಹನ ಅಂತ ಎಣಿಸಿ ಎರಡನ್ನೂ ಗುಣಿಸುತ್ತಾರೆ. ಗುಣಲಬ್ಧ 1 ಲಕ್ಷ ಮುಟ್ಟಿದರೆ, ಗೇಟಿನ ಬದಲು ಸೇತುವೆ ಕಟ್ಟಬಹುದು. 30 ರೈಲು ಓಡುವ ಕಡೆ 3,400 ವಾಹನ ದಾಟಿದರೆ ಸಾಕು, ಲಕ್ಷ ದಾಟುತ್ತದೆ. ಆದರೆ 6 ರೈಲು ಓಡುವ ಹೊಸ ಹಳಿಯಲ್ಲಿ ಅದೇ 3,400 ವಾಹನಕ್ಕೆ ಬರೀ 20,400. ಹೊಸದಾಗಿ ರೈಲು ಬರುವ ಊರಿಗೆ ಇದರಲ್ಲೇ ಅಪಾಯ ಇರುವುದು. ಮೊದಲ ದಿನ ರೈಲು ಕಡಿಮೆ, ‘ಗೇಟೇ ಸಾಕು’ ಅನ್ನಿಸುತ್ತದೆ. ರೈಲು ಹೆಚ್ಚುವ ಹೊತ್ತಿಗೆ ಗೇಟಿನ ಎರಡೂ ಕಡೆ ಮಹಡಿ ಮನೆ ಎದ್ದಿರುತ್ತವೆ, ಸೇತುವೆ ಇಳಿಸಲು ಜಾಗ ಇರುವುದಿಲ್ಲ. ನಮ್ಮ ಹೊಸ ಬಸ್ ನಿಲ್ದಾಣದ ಹತ್ತಿರದ ಮೇಲ್ಸೇತುವೆಗೆ ಹಾಸನದವರು ಎಷ್ಟು ಕಾದರು ಅನ್ನುವುದನ್ನು ಇಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಆದ್ದರಿಂದ ಊರೊಳಗಿನ ದಾರಿ ಒಪ್ಪುವುದಾದರೆ ಒಂದೇ ಷರತ್ತು: ಮುಖ್ಯ ರಸ್ತೆಗಳ ಮೇಲ್ಸೇತುವೆ ಅಥವಾ ಕೆಳಸೇತುವೆ ಮೊದಲ ಅಂದಾಜು ಪಟ್ಟಿಯಲ್ಲೇ ಇರಬೇಕು. ‘ಆಮೇಲೆ ನೋಡೋಣ’ ಅಂದರೆ ಮೊಮ್ಮಕ್ಕಳು ನೋಡುತ್ತಾರೆ.

ಹಳಿಯನ್ನೇ ಎತ್ತರಿಸಿದರೆ?

ಹೊಸ ಹಳಿಯ ಬಗ್ಗೆ ಕರೆದ ಸಭೆಯಲ್ಲಿ ಯಾರಾದರೊಬ್ಬರು ಎದ್ದು ನಿಂತು ‘ಬೆಂಗಳೂರು ಮೆಟ್ರೋ ಥರ ಮೇಲೆ ಹಾಕಿ’ ಅನ್ನುತ್ತಾರೆ, ಚಪ್ಪಾಳೆ ಬೀಳುತ್ತದೆ. ಅಸಾಧ್ಯವೇನಲ್ಲ, ಹರಿಯಾಣದ ರೋಹ್ಟಕ್‌ನಲ್ಲಿ ಊರೊಳಗಿನ ಹಳಿಯನ್ನು ಐದು ಕಿ.ಮೀ.ಗೆ ಹತ್ತಿರದಷ್ಟು ದೂರ ಕಂಬಗಳ ಮೇಲೆ ಎತ್ತಿ ಗೇಟುಗಳನ್ನು ತೆಗೆದಿದ್ದಾರೆ. ಆದರೆ ಲೆಕ್ಕ ಹಾಕಿ. ರಸ್ತೆ ಹಳಿಯ ಮೇಲೆ ಹತ್ತಬೇಕಾದರೆ, ವಿದ್ಯುತ್ ತಂತಿಯ ಎತ್ತರವನ್ನೂ ಸೇತುವೆಯ ದಪ್ಪವನ್ನೂ ಸೇರಿಸಿ ಸುಮಾರು 8 ಮೀಟರ್ ಏರಬೇಕು. ರಸ್ತೆಗೆ 30ಕ್ಕೆ 1ರ ಏರು (30 ಮೀಟರ್ ಮುಂದೆ ಹೋದರೆ 1 ಮೀಟರ್ ಮೇಲೆ) ಕೊಡಬಹುದು, ಅಂದರೆ ಒಂದು ಬದಿಗೆ 240 ಮೀಟರ್. ಹಳಿ ರಸ್ತೆಯ ಮೇಲೆ ಹತ್ತಲು 7 ಮೀಟರ್ ಸಾಕು, ಆದರೆ ರೈಲಿಗೆ ಅಂಥ ಏರು ಆಗದು. 200ಕ್ಕೆ 1 ಕೊಟ್ಟರೆ ಒಂದು ಬದಿಗೇ 1,400 ಮೀಟರ್. ನಮ್ಮ ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯಲ್ಲಿ 50ಕ್ಕೆ 1ರ ಏರಿದೆ, ಅಲ್ಲಿ ಗೂಡ್ಸ್ ಗಾಡಿಗೆ ಹಿಂದಿನಿಂದ ತಳ್ಳುವ ಎಂಜಿನ್ನೂ ಬೇಕು. ಊರೊಳಗೆ ಆ ಹುಚ್ಚಾಟ ಯಾರೂ ಮಾಡುವುದಿಲ್ಲ.

ಅಂದರೆ ಒಂದೇ ರಸ್ತೆಗಾಗಿ ಹಳಿ ಎತ್ತುವುದು ದಂಡ. ಎರಡು ಮೂರು ಕಿ.ಮೀ. ಒಳಗೆ ಐದಾರು ದೊಡ್ಡ ರಸ್ತೆ ಹಳಿಗೆ ಅಡ್ಡ ಬಂದರೆ ಮಾತ್ರ ಇದರ ಮಾತೆತ್ತಬಹುದು. ತಾಲ್ಲೂಕು ಕೇಂದ್ರಗಳಿಗೆ ಇದು ಹೊಂದುವುದಿಲ್ಲ ಅಂತ ನನ್ನ ಅಭಿಪ್ರಾಯ.

ಕೆಳಸೇತುವೆ ಅಗ್ಗ. ಆದರೆ ಅಂಡರ್‌ಪಾಸ್ ಅಂದರೆ ಹೊಂಡ; ಆಷಾಢದ ಮಳೆಗೆ ಅದು ಕೆರೆ. ನೀರು ತಾನಾಗಿ ಹರಿದು ಹೋಗುವ ಇಳಿಜಾರು ಹತ್ತಿರದಲ್ಲೇ ಇದ್ದರೆ ಒಪ್ಪಿ, ಪಂಪ್ ಇಡುತ್ತೇವೆ ಅಂದರೆ ಒಪ್ಪಬೇಡಿ. ಕರೆಂಟು ಹೋಗುವುದೂ ಮಳೆ ಬಂದಾಗಲೇ. ಎತ್ತರವನ್ನೂ ಕೇಳಿ ಇಟ್ಟುಕೊಳ್ಳಿ. ಹುಲ್ಲು ಹೇರಿದ ಟ್ರ್ಯಾಕ್ಟರು ಹಾಯದ ಕೆಳಸೇತುವೆ ರೈತನಿಗೆ ಗೋಡೆಯಿದ್ದ ಹಾಗೆ.

ಊರಾಚೆಯ ದಾರಿ

ಇದರ ಪರವಾಗಿ ಎಲ್ಲರೂ ಹೇಳುವ ಮಾತೊಂದಿದೆ: ‘ಹೈವೇ ಬೈಪಾಸ್ ಬಂದ ಮೇಲೆ ಊರು ಆ ಕಡೆ ಬೆಳೆಯಲಿಲ್ಲವೇ, ರೈಲೂ ಹಾಗೇ.’ ಹಾಸನದ ಹೊರಗೆ ಮಂಗಳೂರು ಹೆದ್ದಾರಿಯ ಬೈಪಾಸ್ ಬಂದ ಮೇಲೆ ಅತ್ತ ಲೇಔಟುಗಳು ಎದ್ದದ್ದು ನಿಜ. ಆದರೆ ರಸ್ತೆಯ ಮೇಲೆ ಹೋಗುವವನು ಬೇಕಾದ ಕಡೆ ಬಲಕ್ಕೋ ಎಡಕ್ಕೋ ತಿರುಗುತ್ತಾನೆ, ಡಾಬಾ ಕಂಡರೆ ನಿಲ್ಲುತ್ತಾನೆ. ರೈಲಿನಿಂದ ಇಳಿಯಲು ಒಂದೇ ಬಾಗಿಲು, ಅದು ಟೇಷನ್ನು. ಟೇಷನ್ ಇಲ್ಲದ ಕಡೆ ಹಾದ ಹಳಿಯಿಂದ ಊರಿಗೆ ಬರುವುದು ಸದ್ದು ಮತ್ತು ಹಳಿಯ ಕೆಳಗಿನ ಮಣ್ಣಿನ ಏರಿ, ಅಷ್ಟೇ.

ಟೇಷನ್ ದೂರ ಆದರೆ ಏನಾಗುತ್ತದೆ ಅಂತ ಕರಾವಳಿಯಲ್ಲಿ ನೋಡಬಹುದು. ಕೊಂಕಣ ರೈಲು 1998ರಲ್ಲಿ ಪೂರ್ತಿಯಾಯಿತು. ಉಡುಪಿಯ ಟೇಷನ್ ಇಂದ್ರಾಳಿಯಲ್ಲಿ, ಕುಂದಾಪುರದ್ದು ಮೂಡ್ಲಕಟ್ಟೆಯಲ್ಲಿ, ಕಾರವಾರದ್ದು ಶಿರವಾಡದಲ್ಲಿ. ಪೇಟೆಯಿಂದ ಟೇಷನ್ನಿಗೆ ಆಟೋ ಹಿಡಿಯದೆ ಗತಿಯಿಲ್ಲ. ರಾತ್ರಿಯಿಡೀ ಪ್ರಯಾಣ ಮಾಡಿ ಮುಂಬೈಗೆ ಹೋಗುವವನಿಗೆ ನಾಲ್ಕು ಕಿ.ಮೀ. ದೊಡ್ಡದಲ್ಲ. ಆದರೆ ಬೆಳಿಗ್ಗೆ ಹೋಗಿ ಸಂಜೆ ಬರುವವನಿಗೆ ಎರಡೂ ಹೊತ್ತಿನ ಆಟೋ ಬಾಡಿಗೆ ರೈಲು ಟಿಕೆಟಿಗಿಂತ ಹೆಚ್ಚಾಗುತ್ತದೆ, ಅವನು ಕೆಎಸ್‌ಆರ್‌ಟಿಸಿ ಬಸ್ಸಿಗೇ ಹೋಗುತ್ತಾನೆ. ಆದ್ದರಿಂದ ನಿಮ್ಮ ಊರಿನ ಹಳಿಯಲ್ಲಿ ಓಡುವುದು ಯಾವ ಗಾಡಿ ಅನ್ನುವುದನ್ನು ಮೊದಲು ನೋಡಿ. ದೂರದ ಎಕ್ಸ್‌ಪ್ರೆಸ್ಸೇ ಹೆಚ್ಚಿದ್ದರೆ ಟೇಷನ್ ಸ್ವಲ್ಪ ದೂರ ಇದ್ದರೂ ನಡೆಯುತ್ತದೆ. ಜಿಲ್ಲೆಯೊಳಗೆ ಓಡಾಡುವ ಪ್ಯಾಸೆಂಜರ್ ಮೇಲೆ ನಿಮ್ಮ ಆಸೆ ಇದ್ದರೆ ಒಂದೂವರೆ ಕಿ.ಮೀ. ಮೀರಬಾರದು.

ಇನ್ನು ಭೂಮಿ. ‘ಆಚೆ ಹೋದರೆ ಯಾರ ಮನೆಯೂ ಹೋಗಲ್ಲ’ ಅಂತ ಪೇಟೆಯವರು ಹೇಳುವಾಗ ಆಚೆ ಇರುವವರ ಹೊಲವನ್ನು ಮರೆತಿರುತ್ತಾರೆ. ಒಂಟಿ ಹಳಿಗೆ ಏರಿಯ ನೆತ್ತಿ ಸುಮಾರು 7.85 ಮೀಟರ್ ಅಗಲ. ಏರಿ 6 ಮೀಟರ್ ಎತ್ತರ ಇದ್ದರೆ, ಎರಡೂ ಬದಿಯ ಇಳಿಜಾರು ಸೇರಿ ಬುಡದಲ್ಲಿ 32 ಮೀಟರ್ ಆಗುತ್ತದೆ. ಒಂದು ಕಿ.ಮೀ.ಗೆ ಹತ್ತಿರ ಹತ್ತಿರ 8 ಎಕರೆ. ಊರು ಬಳಸಿ ಹೋಗಲು 5 ಕಿ.ಮೀ. ಹೆಚ್ಚಾದರೆ 40 ಎಕರೆ. ಎಕರೆ ಎರಡೆಕರೆಯ ಹಿಡುವಳಿದಾರರ ನಮ್ಮ ಕಡೆ ಅದು ಎಷ್ಟು ಪಹಣಿ ಅಂತ ನೀವೇ ಲೆಕ್ಕ ಹಾಕಿ. 2013ರ ಭೂಸ್ವಾಧೀನ ಕಾಯ್ದೆಯ ಪ್ರಕಾರ ಪೇಟೆಯ ಜಾಗಕ್ಕೆ ಮಾರುಕಟ್ಟೆ ಬೆಲೆಯ ಎರಡು ಪಟ್ಟು, ಹಳ್ಳಿಯ ಜಾಗಕ್ಕೆ ದೂರ ನೋಡಿಕೊಂಡು ಎರಡರಿಂದ ನಾಲ್ಕು ಪಟ್ಟು ಸಿಗುತ್ತದೆ. ಆದರೆ ಪಟ್ಟು ಹಾಕುವುದು ನೋಂದಣಿಯಾದ ಬೆಲೆಯ ಮೇಲೆ. ಸ್ಟಾಂಪು ಉಳಿಸಲು ಕಡಿಮೆ ಬರೆಸಿಕೊಂಡವರು ಆಗ ತಲೆ ಮೇಲೆ ಕೈ ಹೊತ್ತು ಕೂರುತ್ತಾರೆ. ಪರಿಹಾರಕ್ಕೂ ಸಿಗದ ನಷ್ಟ ಒಂದಿದೆ. ಹಳಿ ಹೊಲದ ನಡುವೆ ಹಾಯ್ದು ಆಚೆ 12 ಗುಂಟೆ, ಈಚೆ 15 ಗುಂಟೆ ಉಳಿದರೆ, ಆಚೆಯದಕ್ಕೆ ನೇಗಿಲು ಹೊಡೆಯಲು ಎರಡು ಕಿ.ಮೀ. ಸುತ್ತಬೇಕು.

ನೀರಿನದು ಇದಕ್ಕಿಂತ ದೊಡ್ಡ ಮಾತು. ನಮ್ಮ ಕಡೆ ಕೆರೆಗಳು ಒಂದರ ಕೋಡಿ ಇನ್ನೊಂದಕ್ಕೆ ಹರಿಯುವ ಸರಪಳಿ. ಅದಕ್ಕೆ ಅಡ್ಡವಾಗಿ 6 ಮೀಟರ್ ಏರಿ ಹಾಕಿದರೆ, ಅದು ಯಾರೂ ಕೇಳದ ಹೊಸ ಕೆರೆ ಏರಿ. ಮೋರಿ ಸಣ್ಣದಾದರೆ ಮೇಲಿನವನ ಗದ್ದೆ ಮುಳುಗುತ್ತದೆ, ಕೆಳಗಿನ ಕೆರೆ ಒಣಗುತ್ತದೆ. ಗೋವಾದಲ್ಲಿ 1990ರ ದಶಕದ ಮೊದಲಲ್ಲಿ ಕೊಂಕಣ ರೈಲಿನ ಪಥ ಬದಲಿಸಿ ಅಂತ ದೊಡ್ಡ ಚಳವಳಿ ನಡೆದಾಗ, ಹಿನ್ನೀರಿನ ಗದ್ದೆಗಳ ನೀರು ಕಟ್ಟಿಹೋಗುತ್ತದೆ ಅನ್ನುವುದೂ ಒಂದು ಮುಖ್ಯ ತಕರಾರಾಗಿತ್ತು. ಮೋರಿಯ ಅಳತೆ ಹಾಕಲು ಮಳೆಯ ದಾಖಲೆ ಸಾಕಾಗುವುದಿಲ್ಲ. ಕೋಡಿ ಬಿದ್ದ ವರ್ಷ ನೀರು ಎಲ್ಲಿತನಕ ಬಂದಿತ್ತು ಅಂತ ಊರ ಹಿರಿಯರು ಕೋಲು ಊರಿ ತೋರಿಸಬೇಕು.

ಊರಂಚಿನ ದಾರಿ

ನನ್ನ ಮತ ಇದಕ್ಕೆ. ಊರು ಬೆಳೆಯದ ಕಡೆಯ ಅಂಚನ್ನು ಸವರಿಕೊಂಡು ಹೋಗುವ ಹಳಿ, ಪೇಟೆಯಿಂದ ನಡೆದು ಹೋಗುವ ದೂರದಲ್ಲಿ ಟೇಷನ್ನು. ಕೆರೆಯೋ, ಗುಡ್ಡವೋ, ಕಾಡೋ ಇದ್ದು ಊರು ತಾನಾಗಿ ನಿಂತುಹೋದ ಒಂದು ಮಗ್ಗುಲು ಬಹುತೇಕ ಊರಿಗಿರುತ್ತದೆ. ಅತ್ತ ದಾಟುವ ರಸ್ತೆ ಎರಡೋ ಮೂರೋ. ಅಷ್ಟಕ್ಕೂ ಮೊದಲೇ ಸೇತುವೆ ಮಾಡಿಸಬಹುದು.

ತೊಡಕು ಇಲ್ಲದಿಲ್ಲ. ಟೇಷನ್ನಿನ ಅಂಗಳ ಚಪ್ಪಟೆ ಇರಬೇಕು. ನಿಯಮದಂತೆ 1,200ಕ್ಕೆ 1ಕ್ಕಿಂತ ಹೆಚ್ಚಿನ ಇಳಿಜಾರು ಇರಬಾರದು, ತೀರಾ ಅನಿವಾರ್ಯವಾದರೆ 400ಕ್ಕೆ 1. ಅಂದರೆ ಒಂದು ಕಿ.ಮೀ. ಉದ್ದಕ್ಕೆ ಒಂದು ಮೀಟರೂ ಇಳಿಯದ ನೆಲ. ಮಲೆನಾಡಿನ ಸೆರಗಿನಲ್ಲಿ ಅಂಥ ಸಮತಟ್ಟು ಅಂದರೆ ಗದ್ದೆ, ಇಲ್ಲವೇ ಕೆರೆಯ ಅಚ್ಚುಕಟ್ಟು. ಟೇಷನ್ ಯಾವಾಗಲೂ ಒಳ್ಳೇ ಗದ್ದೆಯನ್ನೇ ನುಂಗುತ್ತದೆ ಅಂತ ರೈತರು ಗೊಣಗುವುದರ ಹಿಂದೆ ಈ 1,200ರ ಲೆಕ್ಕವಿದೆ.

ತಿರುವಿನದೂ ಹಾಗೇ. ‘ನಮ್ಮ ಮನೆ ಬಿಟ್ಟು ಒಂಚೂರು ಆಚೆ ತಿರುಗಿಸಿ’ ಅಂತ ಅರ್ಜಿ ಕೊಡುವವರು ಎತ್ತಿನ ಗಾಡಿಯ ದಾರಿಯನ್ನು ಮನಸ್ಸಿನಲ್ಲಿ ಇಟ್ಟುಕೊಂಡಿರುತ್ತಾರೆ. ರೈಲಿನ 2 ಡಿಗ್ರಿ ತಿರುವು ಅಂದರೆ 875 ಮೀಟರ್ ತ್ರಿಜ್ಯದ ಬಳೆ. ಒಂದು ಮನೆಗಾಗಿ 20 ಮೀಟರ್ ಸರಿಸಿದರೆ ಹಿಂದೆ ಮುಂದೆ ನೂರಾರು ಮೀಟರ್ ಹಳಿಯೆಲ್ಲ ಸರಿಯುತ್ತದೆ, ಮತ್ತೊಬ್ಬರ ಮನೆ ಸಿಕ್ಕಿಹಾಕಿಕೊಳ್ಳುತ್ತದೆ.

ಬೈಪಾಸ್ ಹಳಿ ಬೇರೆ, ಊರು ಬಿಟ್ಟ ಹಳಿ ಬೇರೆ

ಇವೆರಡನ್ನು ಜನ ಕಲಸುತ್ತಾರೆ. ಹಳೇ ಟೇಷನ್ ಇದ್ದಲ್ಲೇ ಇದ್ದು, ಅಲ್ಲಿಗೆ ಬರಬೇಕಿಲ್ಲದ ಗಾಡಿಗಳಿಗೆ ಮಾತ್ರ ಒಂದು ಅಡ್ಡದಾರಿ ಹಾಕುವುದು ಬೈಪಾಸ್. ನಮಗೆ ಹತ್ತಿರದ ಉದಾಹರಣೆ ಹಾಸನದ ಮೇಲೇ ಹಾದು ಹೋಗುವ ಪಂಚಗಂಗಾ ಎಕ್ಸ್‌ಪ್ರೆಸ್. ಬೆಂಗಳೂರಿನಿಂದ ಕಾರವಾರಕ್ಕೆ ಹೋಗುವ ಈ ಗಾಡಿ ಪಡೀಲಿನ ಬೈಪಾಸಿನಲ್ಲೇ ಉಡುಪಿ ಕಡೆಗೆ ತಿರುಗುತ್ತದೆ, ಮಂಗಳೂರಿನ ಎರಡೂ ದೊಡ್ಡ ಟೇಷನ್ನುಗಳಿಗೆ ಹೋಗುವುದಿಲ್ಲ. ಅದಕ್ಕೂ ಮೊದಲಿನ ಕಾರವಾರ ಗಾಡಿ ಮಂಗಳೂರು ಸೆಂಟ್ರಲ್‌ಗೆ ಹೋಗಿ, ಎಂಜಿನ್ ಆ ತುದಿಯಿಂದ ಈ ತುದಿಗೆ ಬಂದು, ಮತ್ತೆ ಬಂದ ದಾರಿಗೇ ಹೊರಡುತ್ತಿತ್ತು. ಸೆಂಟ್ರಲ್ ಅಂದರೆ ಹಳಿ ಮುಗಿಯುವ ಜಾಗ. ಮುಂಬೈ–ಕೇರಳ ಗಾಡಿಗಳು ಅದನ್ನು ಬಿಟ್ಟು ಮಂಗಳೂರು ಜಂಕ್ಷನ್‌ನಲ್ಲಿ ನಿಂತು ಹೋಗುವುದೂ ಇದೇ ಕಾರಣಕ್ಕೆ.

ಮಂಗಳೂರಿಗೆ ಬೇರೆ ಗಾಡಿಗಳು ಬೇಕಾದಷ್ಟಿವೆ, ಹಾಗಾಗಿ ಈ ಬೈಪಾಸು ದಕ್ಕಿತು. ದಿನಕ್ಕೆ ಎರಡೇ ಎಕ್ಸ್‌ಪ್ರೆಸ್ ಬರುವ ಊರಿಗೆ ಬೈಪಾಸ್ ಹಾಕಿದರೆ ಆ ಎರಡೂ ಆಚೆಯಿಂದಲೇ ಹೋಗುವ ಭಯವಿದೆ. ಜಂಕ್ಷನ್ ಆಗುವ ಊರಿನವರು ಬೈಪಾಸನ್ನು ಈಗಲೇ ಕೇಳುವುದು ಬೇಡ. ಆದರೆ ಮೂರು ದಿಕ್ಕಿನ ಹಳಿ ಒಂದನ್ನೊಂದು ಸೇರುವ ತ್ರಿಕೋನಕ್ಕೆ ಜಾಗ ಕಾದಿರಿಸಿ ಅಂತ ಬರೆದುಕೊಡಬೇಕು. ಜೋಡಿ ಹಳಿಗೂ ಅಷ್ಟೇ.

ಕವಲು ಹಳಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಚಿಕ್ಕಮಗಳೂರಿನವರು ದೂರದೂರಿಗೆ ಹೋಗಬೇಕಾದರೆ ಇವತ್ತಿಗೂ ಹೆಚ್ಚಾಗಿ ಬಸ್ಸಿನಲ್ಲಿ ಕಡೂರಿಗೋ ಬೀರೂರಿಗೋ ಬಂದು ಹುಬ್ಬಳ್ಳಿ–ಬೆಂಗಳೂರು ಗಾಡಿ ಹಿಡಿಯುತ್ತಾರೆ. ಹಳಿ ಕೊನೆಯಾಗುವ ಊರಿಗೆ ಅಲ್ಲಿಗೇ ಹೊರಟ ಗಾಡಿ ಮಾತ್ರ ಬರುತ್ತದೆ. ಇನ್ನೆಲ್ಲಿಗೋ ಹೋಗುವ ಗಾಡಿ ದಾರಿಯಲ್ಲಿ ಸಿಗುವುದಿಲ್ಲ. ಬೇಲೂರಿನ ಮೇಲೆ ಹಾಸನಕ್ಕೆ ಜೋಡಣೆಯಾದರೆ ಈ ಗಂಟು ಬಿಚ್ಚುತ್ತದೆ, ಅದಕ್ಕೇ ಆ ಮಾರ್ಗ ಬೇಕು ಅನ್ನುವವರಲ್ಲಿ ನಾನೂ ಒಬ್ಬ.

ಬೇಲೂರಿನಂಥ ಊರಿಗೆ ಇನ್ನೆರಡು ಮಾತು

ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೂ ಸೇರಿವೆ. ಹಾಗಾಗಿ ಅಂಥ ಕಡೆ ಪೇಟೆಯ ನಡುವಿನ ದಾರಿ ನಕ್ಷೆಯಲ್ಲೇ ಬಿದ್ದುಹೋಗುತ್ತದೆ. ಉಳಿಯುವ ವಾದ ಯಾವ ಅಂಚು ಅನ್ನುವುದಷ್ಟೆ. ದೇವಸ್ಥಾನದ ಗೋಪುರ ಕಾಣುವಷ್ಟು ಹತ್ತಿರ, ಗಾಡಿಯ ನಡುಕ ಮುಟ್ಟದಷ್ಟು ದೂರ, ಬಸ್ ನಿಲ್ದಾಣಕ್ಕೆ ನೇರ ರಸ್ತೆ ಇರುವ ಅಂಚು ಸಿಕ್ಕಿದರೆ ಬಿಡಬೇಡಿ.

ಇನ್ನೊಂದು ಆನೆ. ಆಲೂರು, ಸಕಲೇಶಪುರ, ಬೇಲೂರಿನ ತೋಟಗಳಲ್ಲಿ ಆನೆ ಓಡಾಡುವ ದಾರಿ ಅರಣ್ಯ ಇಲಾಖೆಯ ನಕ್ಷೆಗಿಂತ ತೋಟದ ಕೆಲಸ ನೋಡಿಕೊಳ್ಳುವ ರೈಟರಿಗೆ ಚೆನ್ನಾಗಿ ಗೊತ್ತಿರುತ್ತದೆ. ಅಂಥ ಕಡೆ ಎತ್ತರದ ಏರಿಯಾಗಲಿ, ನೆಲ ಕಡಿದು ಹಳಿ ಇಳಿಸುವ ಆಳದ ಕಡಿತವಾಗಲಿ ಕೂಡದು. ಕಡಿತಕ್ಕೆ ಇಳಿದ ಆನೆಗೆ ಗಾಡಿ ಬಂದರೆ ಹತ್ತಲು ದಾರಿ ಇರುವುದಿಲ್ಲ. ಅಲ್ಲಿ ಕಂಬದ ಸೇತುವೆ ಹಾಕಿ ಕೆಳಗೆ ದಾರಿ ಬಿಡಿ ಅಂತಲೇ ಕೇಳಬೇಕು.

ಇಷ್ಟೆಲ್ಲ ಹೇಳಿದ ಮೇಲೆ ಭಾವ, ‘ಸಭೇಲಿ ಇಷ್ಟು ಮಾತಾಡಕ್ಕೆ ಯಾರು ಬಿಡ್ತಾರೆ’ ಅಂದರು. ಮಾತಾಡಬೇಡಿ, ಒಂದು ಹಾಳೆ ಕೊಡಿ ಅಂದೆ. ನಕ್ಷೆಯಲ್ಲಿ ಹಳಿ ನಿಮ್ಮ ಊರಿನ ಯಾವ್ಯಾವ ರಸ್ತೆ ದಾಟುತ್ತದೋ ಅಲ್ಲೆಲ್ಲ ಒಬ್ಬೊಬ್ಬರು ಬೆಳಿಗ್ಗೆ 8ರಿಂದ 10ರ ತನಕ ಕೂತು ವಾಹನ ಎಣಿಸಲಿ; ಒಂದು ಸಂತೆಯ ದಿನ, ಒಂದು ಸಾದಾ ದಿನ. ಆ ಅಂಕಿಯ ಎದುರಿಗೆ ಗೇಟು ಬರೆದಿದ್ದರೆ ಸೇತುವೆ ಯಾಕಿಲ್ಲ ಅಂತ ಕೇಳಿ ಸಹಿ ಹಾಕಿ. ಹಾಳೆಯ ಹಿಂದೆ ಟೇಷನ್ನಿಂದ ಬಸ್ ನಿಲ್ದಾಣಕ್ಕೆ ನಡೆದು ಹೋಗಲು ಹಿಡಿದ ನಿಮಿಷ, ಕೋಡಿ ನೀರು ಬಂದ ಮಟ್ಟ.

ಶನಿವಾರ ಅವರೇ ಒಂದು ತೆಂಗಿನ ಮರದಡಿ ಕುರ್ಚಿ ಹಾಕಿಕೊಂಡು ಕೂತಿದ್ದರಂತೆ. ಒಂಬತ್ತು ಗಂಟೆಗೆ ವಾಟ್ಸಾಪಿನಲ್ಲಿ ಫೋಟೋ ಬಂತು. ರಸ್ತೆ ತುಂಬ ಕುರಿ. ಕೆಳಗೆ ಬರೆದಿದ್ದರು: ‘ಈ ಮಂದೆಯನ್ನ ಎಷ್ಟು ವಾಹನ ಅಂತ ಹಿಡೀಲಿ?’